ಭಾವನ ಬ್ರೌಸರಿನಲ್ಲಿ ಅಕ್ಕನ ರಂಗೋಲಿ

ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಸಿದ್ದಾಪುರದಲ್ಲಿ ನನ್ನ ಅಕ್ಕನ ಮನೆ. ಹಾಜರಿದ್ದವರು: ಅಕ್ಕ, ಭಾವ, ಮತ್ತು ಶಿರಸಿಯಿಂದ ಮೊದಲ ಬಸ್ಸಿಗೇ ಹೊರಟು ಬಂದ ನಾನು.

ನಮ್ಮ ಭಾವನಂಥ ಚಿತ್ರದ್ವೇಷಿ ಈ ಮೂರು ತಾಲೂಕಿನಲ್ಲಿ ಇನ್ನೊಬ್ಬರಿಲ್ಲ! ಊರೆಲ್ಲ ವಿಡಿಯೊ ನೋಡುತ್ತಿದ್ದರೆ ಇವರು ಬರೀ ಅಕ್ಷರ ತೋರಿಸುವ ಬ್ರೌಸರಿನಲ್ಲಿ ಜಗತ್ತನ್ನು ಓದುತ್ತಾರೆ. ಚಿತ್ರವಿದ್ದಲ್ಲಿ ಅದು 'ಚಿತ್ರ' ಎಂದು ಬರೆದು ಮುಂದೆ ಹೋಗುತ್ತದೆ. ಯಲ್ಲಾಪುರದ ನೆಂಟರು ಮಗಳ ಮದುವೆ ಫೋಟೊಗಳ ಪುಟ ಕಳಿಸಿದಾಗ, ನಲವತ್ತು ಸಲ 'ಚಿತ್ರ' ಎಂದು ಓದಿ ಮುಗಿಸಿ ಫೋನ್ ಮಾಡಿದರು: "ಜೋಡಿ ಚೊಲೋ ಇದ್ದು!"

ಅಕ್ಕನ ರಂಗೋಲಿಗಳೂ ಇವರ ಕೈಗೆ ಬಿದ್ದಿದ್ದವು. ಅವಳ ಹಳೆಯ ಪಟ್ಟಿ ಪುಸ್ತಕವನ್ನು ಒರಲೆ ಹುಳ ತಿಂದು ಮುಗಿಸುವ ಮೊದಲೇ ಭಾವ ಚುಕ್ಕಿಗಳನ್ನೆಲ್ಲ ಟೈಪ್ ಮಾಡಿ ವೆಬ್ ಪುಟ ಕಟ್ಟಿದ್ದರು. ಸಂಜೆ ನಾಲ್ಕಕ್ಕೆ ಭೈರುಂಬೆಯ ಹೆಂಗಸರು ಕಲಿಯಲು ಬರುವವರಿದ್ದರು. ಅಕ್ಕನಿಗೆ ತನ್ನ ಮೆಚ್ಚಿನ ಹನ್ನೊಂದು ಸಾಲಿನ ರಂಗೋಲಿಯನ್ನೇ ಕಲಿಸಬೇಕು. ಚುಕ್ಕಿಯ ಜಾಗ ಮಾತ್ರ ಮರೆತಿದೆ. ಪರದೆಯಲ್ಲಿ ನೋಡಿದರೆ ಸಾಲುಗಳು ಸಂತೆಗೆ ಹೊರಟಂತೆ ಅಡ್ಡಾದಿಡ್ಡಿ!

"ಇದ್ನ ಎಂತ ಹೇಳಿ ಕಲಿಸ್ಲಿ? ಬಪ್ಪದು ಬ್ಯಾಡ ಹೇಳಿ ಫೋನ್ ಮಾಡ್ತೆ," ಎಂದಳು ಅಕ್ಕ. ಕಣ್ಣು ತುಂಬಿತ್ತು.

"ತಪ್ಪು ಅಪ್ಪಲೆ ಸಾಧ್ಯವೇ ಇಲ್ಲೆ! 'ಇದ್ದದ್ದನ್ನು ಇದ್ದ ಹಾಗೇ ತೋರಿಸು' ಹೇಳೋ ಗುರುತಿನ ಒಳಗೆ ಬರದ್ದೆ," ಎಂದರು ಭಾವ.

ಅದು ನಿಜ. ಬ್ರೌಸರು ಸಾಮಾನ್ಯವಾಗಿ ಹತ್ತು ಖಾಲಿ ಜಾಗವನ್ನು ಒಂದಾಗಿಸಿಬಿಡುತ್ತದೆ. ಆ ಗುರುತಿನೊಳಗೆ, ಅಂದರೆ ವೆಬ್ ಪುಟದ ಆ ಟ್ಯಾಗಿನೊಳಗೆ ಬರೆದರೆ, ಹಾಗೆ ಮಾಡುವುದಿಲ್ಲ. ಆದರೆ ಕೆಲವು ಚುಕ್ಕಿಗಳ ಮುಂದೆ [1], [2] ಎಂದು ಅಂಕೆ ಕೂತಿದೆಯಲ್ಲ?

"ಇದೆಂತದು ಭಾವ?"

"ಗೆರೆ ತಿರುಗೋ ಚುಕ್ಕಿಗೆಲ್ಲ ಕೊಂಡಿ ಹಾಕಿದ್ದೆ. ಒತ್ತಿದ್ರೆ ವಿವರಣೆ ಬತ್ತು!"

ನಾನು ಅಳತೆಪಟ್ಟಿ ತೆಗೆದೆ. ಎಲ್ಲಿ ಹೋದರೂ ಅದು ನನ್ನ ಚೀಲದಲ್ಲಿರುತ್ತದೆ. ಒಂದು ಕೊಂಡಿಯ ಸಾಲು ಮೂರು ಅಕ್ಷರ ಬಲಕ್ಕೆ, ಎರಡು ಕೊಂಡಿಯದು ಆರು! ಗುರುತಿನ ಒಳಗಿದ್ದರೂ ಕೊಂಡಿ ಕೊಂಡಿಯೇ. ಬ್ರೌಸರು ಅದಕ್ಕೆ ನಂಬರು ಕೊಟ್ಟೇ ಕೊಡುತ್ತದೆ, ನಂಬರು ಜಾಗ ತಿನ್ನುತ್ತದೆ. ಭಾವ ಮೊದಲು ಕರೆಂಟನ್ನು ಬೈದರು, ಆಮೇಲೆ ನನ್ನನ್ನು. ಕೊನೆಗೆ ಕೊಂಡಿಗಳನ್ನು ಕಿತ್ತು ದಪ್ಪಕ್ಷರದ ಗುರುತು ಹಾಕಿದರು. ಚುಕ್ಕಿ ಹೊಳೆಯಿತು, ಜಾಗ ಕೇಳಲಿಲ್ಲ. ಹನ್ನೊಂದು ಸಾಲೂ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ನೆಟ್ಟಗೆ!

"ಗೆದ್ಯ!" ಎಂದು ಭಾವ ಕೂಗಿದರು, ತಾವೇ ಕಂಡುಹಿಡಿದವರಂತೆ.

ನಾನು ಮತ್ತೊಮ್ಮೆ ಎಣಿಸಿದೆ. ಐದನೆಯ ಸಾಲಿನಲ್ಲಿ ಎಡಕ್ಕಿರುವ ಚುಕ್ಕಿ ಬಲಕ್ಕಿಲ್ಲ. ಒಂದು ಸೇರಿಸೋಣವೆಂದು ಕೀಲಿಮಣೆಗೆ ಕೈ ಹಾಕಿದೆ.

"ಮುಟ್ಟಡ!" ಇಬ್ಬರೂ ಒಟ್ಟಿಗೆ!

ಭಾವ ಕಿಟಕಿಯಾಚೆ ನೋಡತೊಡಗಿದರು. ಅಕ್ಕ ನಕ್ಕಳು. "ಎನ್ನ ನೋಡಲೆ ಬಂದ ದಿನ ಅಂಗಳದಲ್ಲಿ ಇದೇ ರಂಗೋಲಿ ಹಾಕಿದ್ದೆ, ತಮ್ಮಾ. ಇವು, ನಿನ್ನ ಭಾವ, ಗಡಿಬಿಡೀಲಿ ಆ ಚುಕ್ಕಿ ತುಳಿದ್ವು. ಅವತ್ತಿಂದ ಅದನ್ನು ಇಟ್ಟಿದ್ದೇ ಇಲ್ಲೆ."

ಇದ್ದದ್ದನ್ನು ಇದ್ದ ಹಾಗೇ! ಚಿತ್ರದ್ವೇಷಿ ಮನುಷ್ಯ ಆ ಖಾಲಿ ಜಾಗವನ್ನೂ ಎಣಿಸಿ ಟೈಪ್ ಮಾಡಿದ್ದರು.

ನಾಲ್ಕಕ್ಕೆ ಹೆಂಗಸರು ಬಂದರು. ಐದೂ ಮುಕ್ಕಾಲಿಗೆ ಅಕ್ಕ ಕೊನೆಯ ಗೆರೆ ಕೂಡಿಸಿದಳು. ನಾನು ಅದನ್ನು ಹೊಸ ಪಟ್ಟಿಯಲ್ಲಿ ಬರೆದುಕೊಂಡು, ಸಾಲುಸಾಲಾಗಿ ತಾಳೆ ನೋಡಿ, ಕೆಳಗೆ ಬರೆದೆ: ಐದನೆಯ ಸಾಲು, ಒಂದು ಚುಕ್ಕಿ ಇಲ್ಲ. ಸರಿಯಾಗಿದೆ.