ಬಾಗಿಲು ಹಾಕಿದ ಕೋಣೆಯಲ್ಲಿ ಕಟುಂ ಕಟುಂ

ಇನ್ನು ಮುಂದೆ ಒಂದೇ ಹೆಡ್‌ಫೋನಿನಲ್ಲಿ ಎರಡು ಲೋಕ ಆಳುತ್ತೇನೆ ಎಂದು ಜಕ್ಕೂರಿನ ಅಶ್ವತ್ಥ್ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದಾಗ, ಅವನ ಹೆಂಡತಿ ನಾಗಲಕ್ಷ್ಮಿ ಹುಣಸೆಹಣ್ಣು ಕಿವುಚುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

"ನೋಡೇ, ಇದಕ್ಕೆ ವೈರೇ ಇಲ್ಲ! ಕುತ್ತಿಗೆಗೆ ಹಾಕ್ಕೊಂಡ್ರೆ ಮುಗೀತು. ಈ ಗುಂಡಿ ಒಂದ್ಸಲ ಒತ್ತಿದ್ರೆ ಕಂಪ್ಯೂಟರು, ಇನ್ನೊಂದ್ಸಲ ಒತ್ತಿದ್ರೆ ಫೋನು. ಆಫೀಸು ಒಂದ್ ಕಿವೀಲಿ, ಸಂಸಾರ ಒಂದ್ ಕಿವೀಲಿ. ಮಧ್ಯದಲ್ಲಿ ನಾನು, ಮಹಾರಾಜ!"

"ಮಹಾರಾಜರಿಗೆ ಗೀಸರ್ ಸ್ವಿಚ್ ಯಾವ್ದು, ಫ್ಯಾನ್ ಸ್ವಿಚ್ ಯಾವ್ದು ಅಂತ ಇನ್ನೂ ತಿಳಿದಿಲ್ಲ. ಮೊನ್ನೆ ತಣ್ಣೀರ್ ಸ್ನಾನ ಮಾಡಿ ನಡುಗಿದ್ದು ಯಾರು ರೀ?"

ಹೆಂಡತಿಯ ಅಪಹಾಸ್ಯ ವಿಜ್ಞಾನವನ್ನು ಎಂದಾದರೂ ತಡೆದಿದೆಯೇ? ಅಶ್ವತ್ಥನಿಗೆ ಆ ಹೆಡ್‌ಫೋನು ಶೋಕಿಗೆ ಬೇಕಾಗಿರಲಿಲ್ಲ, ಮಾನ ಉಳಿಸಿಕೊಳ್ಳಲು ಬೇಕಾಗಿತ್ತು. ಮಾರನೆಯ ದಿನ ಪಿತೃಪಕ್ಷದ ಎಡೆ. ಹೋದ ವರ್ಷ ತಾತ ಮುನಿಆಂಜಿನಪ್ಪನವರಿಗೆ ಎಡೆ ಇಟ್ಟು ಕೈ ಮುಗಿಯುವ ಹೊತ್ತಿಗೆ ಸರಿಯಾಗಿ ಇವನು "ಅರ್ಜೆಂಟ್ ಮೀಟಿಂಗು" ಎಂದು ಎದ್ದು ಹೋಗಿದ್ದ. ಅಜ್ಜಿ ಮುನಿಕೆಂಪಮ್ಮ ಬೈಯಲಿಲ್ಲ, ಅಳಲಿಲ್ಲ. ಎಲೆಯ ಮುಂದೆ ಕೂತು, "ಮನೆ ಮೊಮ್ಮಗನೇ ಇಲ್ಲದ ಎಡೆ ಅವ್ರಿಗೆ ಯಂಗೆ ಸೇರ್ತದೆ? ಅವ್ರಿಗಿಲ್ಲದ ಅನ್ನ ನಂಗ್ಯಾಕೆ?" ಎಂದು ಹಾಗೇ ಎದ್ದುಬಿಟ್ಟಿದ್ದರು. ಅವತ್ತು ರಾತ್ರಿಯವರೆಗೂ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಅದಕ್ಕೇ ಅಶ್ವತ್ಥ್ ಈ ವರ್ಷ ಅಜ್ಜಿಯ ಕೈಮೇಲೆ ಕೈಯಿಟ್ಟು, "ಎಡೆ ದಿನ ಆಫೀಸ್ ಕೆಲಸ ಮುಟ್ಟಲ್ಲ ಅಜ್ಜಿ" ಎಂದು ಮಾತು ಕೊಟ್ಟಿದ್ದ.

ಆದರೆ ಅವನ ಲಿಫ್ಟ್ ಕಂಪನಿಯ ಮ್ಯಾನೇಜರ್ ಕಾಡಪ್ಪನವರಿಗೆ ಯಾರೂ ಮಾತು ಕೊಟ್ಟಿರಲಿಲ್ಲವಲ್ಲ! ಹೆಬ್ಬಾಳದ ಸೈಟಿನಲ್ಲಿ ಏಳುತ್ತಿದ್ದ ಹೊಸ ಅಪಾರ್ಟ್‌ಮೆಂಟಿನ ಲಿಫ್ಟಿನ ಬಗ್ಗೆ ಅದೇ ಮಧ್ಯಾಹ್ನಕ್ಕೆ ಆನ್‌ಲೈನ್ ಮೀಟಿಂಗ್ ಇಟ್ಟರು. ರಜೆ ಕೇಳಿದರೆ, "ಮನೇಲೇ ಇರಿ, ಕಿವಿ ಮಾತ್ರ ಇಲ್ಲಿರ್ಲಿ ಸಾಕು" ಎಂದರು. ಕಿವಿ ತಾನೇ? ಕೊಟ್ಟರಾಯಿತು ಎಂದುಕೊಂಡ ನಮ್ಮ ಮಹಾರಾಜ.

ತಾತನ ಫೋಟೋ ಇದ್ದದ್ದು ಕಂಪ್ಯೂಟರ್ ಕೋಣೆಯಲ್ಲೇ. ಎಡೆಗೆ ಮುದ್ದೆ, ಮಟನ್ ಸಾರು, ವಡೆ, ಕಡುಬು, ಹೊಸ ಪಂಚೆ, ತಾತನ ಪ್ರೀತಿಯ ಒಂದು ಕಟ್ಟು ಬೀಡಿ ಎಲ್ಲ ಬಂದು ಕೂತವು.

"ಆ ಪೆಟ್ಟಿಗೆ ಕಣ್ಣಿಗೆ ಬೀಳ್ಬಾರ್ದು, ಏನಾರ ವದ್ಸು" ಎಂದರು ಅಜ್ಜಿ. ಅಶ್ವತ್ಥ್ ಭಯಭಕ್ತಿಯಿಂದ ಬೆಡ್‌ಶೀಟ್ ಹೊದಿಸಿದ. ಒಳಗೆ ಕಂಪ್ಯೂಟರ್ ಆನ್ ಆಗಿಯೇ ಇತ್ತು, ಮೀಟಿಂಗ್ ಶುರುವಾಗಿಯೇ ಇತ್ತು! ಕುತ್ತಿಗೆಯ ಹೆಡ್‌ಫೋನು ಕಾಣದಂತೆ ತಲೆಯ ಮೇಲಿಂದ ಟವೆಲ್ ಹೊದ್ದುಕೊಂಡ.

"ಎಷ್ಟ್ ಭಕ್ತಿ ನೋಡ್ರೇ ನನ್ ಕಂದಂಗೆ" ಎಂದು ಅಜ್ಜಿ ದೃಷ್ಟಿ ತೆಗೆದರು.

"ಭಕ್ತಿ ನೀಲಿ ಬಣ್ಣದಲ್ಲಿ ಮಿನುಗ್ತಾ ಇದೆ, ಟವೆಲ್ ಸರಿ ಮಾಡ್ಕೊಳ್ಳಿ" ಎಂದು ನಾಗಲಕ್ಷ್ಮಿ ಕಿವಿಯಲ್ಲಿ ಉಸುರಿದಳು.

ಕೈ ಮುಗಿದಾಯಿತು. ಧೂಪ ಹಾಕಿ, ಎಲ್ಲರೂ ಹೊರಗೆ ಬಂದು ಬಾಗಿಲು ಎಳೆದುಕೊಂಡರು. ಹಿರಿಯರು ಬಂದು ಊಟ ಮಾಡುವಾಗ ಯಾರೂ ನೋಡಬಾರದು. ಸ್ವಲ್ಪ ಹೊತ್ತು ಬಿಟ್ಟು, ಬಾಗಿಲು ತಟ್ಟಿಯೇ ಒಳಗೆ ಹೋಗಬೇಕು. ಇದು ಆ ಮನೆಯ ಕಟ್ಟಳೆ. ನೆಂಟರೆಲ್ಲ ಹಾಲಿನಲ್ಲಿ ಬಾಗಿಲಿಗೇ ಕಿವಿಗೊಟ್ಟು ಕೂತರು. ಅಶ್ವತ್ಥನ ಕಿವಿಯಲ್ಲಿ ಮಾತ್ರ ಕಾಡಪ್ಪನವರು ಲಿಫ್ಟಿನ ಬಾಗಿಲ ಬಗ್ಗೆ ಕೊರೆಯುತ್ತಿದ್ದರು. ಎರಡು ಲೋಕ, ಒಬ್ಬನೇ ರಾಜ. ಟವೆಲ್ಲಿನೊಳಗೆ ಮೀಸೆಯಡಿ ನಕ್ಕ.

ಅಷ್ಟರಲ್ಲಿ ಫೋನ್ ಬಂತು. ಹೆಡ್‌ಫೋನು ಕಂಪ್ಯೂಟರಿಗೆ ಕೈಕೊಟ್ಟು ಫೋನಿಗೆ ಹಾರಿತು. ಗೇಟಿನಾಚೆಯಿಂದ ಚಿಕ್ಕಪ್ಪ ಚಿಕ್ಕಬೈರಪ್ಪ: "ಅಶ್ವತ್ಥ, ಗೇಟ್ ತೆಗ್ಯೋ, ನಿನ್ ನಾಯಿ ಗುರ್ ಅಂತೈತೆ!"

ಗೇಟು ತೆಗೆದು, ನಾಯಿಯನ್ನು ಗದರಿಸಿ, ಚಿಕ್ಕಪ್ಪನನ್ನು ಕೂರಿಸಿ, ಅಶ್ವತ್ಥ್ ಗತ್ತಿನಿಂದ ಗುಂಡಿ ಒತ್ತಿದ. ಏನೂ ಕೇಳಲಿಲ್ಲ. ಮತ್ತೆ ಒತ್ತಿದ. ಕಿವಿಯೊಳಗಿನ ಹೆಂಗಸು "ಕನೆಕ್ಟೆಡ್" ಎಂದಳು. ಯಾವುದಕ್ಕೆ ತಾಯೀ? ಫೋನಿಗೇ! ಅಂದರೆ ಕಂಪ್ಯೂಟರಿಗೆ ಈಗ ಹೆಡ್‌ಫೋನಿಲ್ಲ. ಹೆಡ್‌ಫೋನಿಲ್ಲದ ಕಂಪ್ಯೂಟರು ತನ್ನ ಸ್ವಂತ ಬಾಯಿ, ಸ್ವಂತ ಕಿವಿ ಎರಡನ್ನೂ ತೆರೆಯುತ್ತದೆ. ಹೋದ ವರ್ಷದ ದಸರಾ ಆಫರಿನಲ್ಲಿ ತಂದಿದ್ದ ದೊಡ್ಡ ಸ್ಪೀಕರು ಬೇರೆ!

ಮುಚ್ಚಿದ ಬಾಗಿಲಿನ ಹಿಂದಿನಿಂದ ಸದ್ದು ಬಂತು.

ಕಟುಂ.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕಟುಂ ಕಟುಂ. ಆಮೇಲೆ ಚಪ್ಪರಿಸುವ ಸದ್ದು. ಆಮೇಲೆ ಸೊರ್ರೆಂದು ಏನನ್ನೋ ಹೀರಿದ ಸದ್ದು. ಬೇರೆ ಯಾರೋ ಲೆಕ್ಕದ ಕಾಗದ ಹುಡುಕುತ್ತಿರುವಾಗ ನಿಪ್ಪಟ್ಟು ಕಡಿದು ಟೀ ಕುಡಿಯುವುದು, ಮೈಕ್ ಮುಚ್ಚಲು ಮರೆಯುವುದು ಕಾಡಪ್ಪನವರ ಹಳೇ ಅಭ್ಯಾಸ. ಆದರೆ ಆ ಹಾಲಿನಲ್ಲಿ ಅದನ್ನು ಬಲ್ಲವನು ಒಬ್ಬನೇ ಇದ್ದ.

"ಮೂಳೆ ಕಡೀತಾವ್ರೆ!" ಚಿಕ್ಕಬೈರಪ್ಪ ಪಿಸುಗುಟ್ಟಿದ. "ಅಪ್ಪ ಬಂದವ್ರೆ! ಸಾರು ಹೀರ್ತಾವ್ರೆ!"

ಒಳಗೆ ಓಡೋಣವೆಂದರೆ ಕಟ್ಟಳೆ. ನಿಜ ಹೇಳೋಣವೆಂದರೆ ಕೊಟ್ಟ ಮಾತು ಮುರಿದ ಲೆಕ್ಕ, ಅಜ್ಜಿಯ ಊಟಕ್ಕೆ ಈ ವರ್ಷವೂ ಕಲ್ಲು. ಅಶ್ವತ್ಥ್ ಗುಂಡಿಯನ್ನು ಒತ್ತಿದ್ದೇ ಒತ್ತಿದ್ದು. ಹೆಬ್ಬೆರಳು ಕೆಂಪಾಯಿತು.

ಅಜ್ಜಿ ಎದ್ದರು. ಬಾಗಿಲ ಬಳಿ ಹೋಗಿ ಮೆಲ್ಲಗೆ ಹೇಳಿದರು, "ಅಷ್ಟು ಜೋರಾಗ್ ಕಡೀಬ್ಯಾಡಿ. ಮನೆ ತುಂಬ ಜನ ಅವ್ರೆ. ನಿದಾನಕ್ ತಿನ್ನಿ."

ಕಡಿಯುವ ಸದ್ದು ಟಕ್ಕೆಂದು ನಿಂತಿತು. ಬೆಡ್‌ಶೀಟಿನೊಳಗಿಂದ ಗೊಗ್ಗರು ಗಂಡುಧ್ವನಿಯೊಂದು ಬಹಳ ವಿನಯದಿಂದ ಬಂತು.

"ಆಯ್ತಮ್ಮ."

ಚಿಕ್ಕಬೈರಪ್ಪ ಅಲ್ಲೇ ಅಡ್ಡಬಿದ್ದ! ಬಿದ್ದವನು ಸುಮ್ಮನೆ ಏಳಬಾರದೇ? ಎಷ್ಟೋ ವರ್ಷದಿಂದ ಮನೆಯಲ್ಲಿ ಹೊಗೆಯಾಡುತ್ತಿದ್ದ ಜಗಳವನ್ನು ಬಾಗಿಲಿಗೆ ಬಾಯಿ ಹಚ್ಚಿ ಎತ್ತಿಯೇಬಿಟ್ಟ. "ಅಪ್ಪೋ, ಆ ಕೆರೆ ಪಕ್ಕದ ಸೈಟು ನನಗೇ ಅಂತ ನಿನ್ ಬಾಯಲ್ಲೇ ಒಂದ್ ಮಾತು ಏಳ್ಬುಡಪ್ಪೋ!"

ಒಳಗೆ ಮತ್ತೊಮ್ಮೆ ಸೊರ್ರೆಂದಿತು.

"ಸೈಟ್ ವಿಷ್ಯ ಈಗ ಬೇಡ. ಎಲ್ಲಾ ಬರ್ದು ಮೇಲ್ ಮಾಡಿ, ನೋಡೋಣ."

ಚಿಕ್ಕಬೈರಪ್ಪ ಬಾಯಿ ಬಿಟ್ಟುಕೊಂಡು ಕೂತ. "ಅಪ್ಪಂಗೆ ಮೇಲ್ ಐಡಿ ಯಾವಾಗ ಆಯ್ತು?"

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಭುಜ ಕುಲುಕುತ್ತಿತ್ತು. ಅಳುತ್ತಿದ್ದಾರೆ ಎಂದು ಎಲ್ಲರ ಕಣ್ಣಲ್ಲೂ ನೀರು ಬಂತು. ಇನ್ನು ತಡೆಯಲಾಗದೆ ಅಶ್ವತ್ಥ್ ದಬದಬ ಬಾಗಿಲು ತಟ್ಟಿ, "ಮೊದಲ್ನೇ ನಮಸ್ಕಾರ ನಂದೇ!" ಎಂದು ಒಳಗೆ ನುಗ್ಗಿ, ಕಂಪ್ಯೂಟರ್ ಮೇಜಿನಡಿ ಉದ್ದಕ್ಕೆ ಮಲಗಿ, ಪ್ಲಗ್ ಕಿತ್ತುಬಿಟ್ಟ.

"ನಮಸ್ಕಾರ ಅಂದ್ರೆ ಇದಪ್ಪ!" ಎಂದ ಚಿಕ್ಕಪ್ಪ.

ಆಮೇಲೆ ನಡೆದದ್ದು ಹಬ್ಬವೇ. ಅಜ್ಜಿ ಎಲೆಯ ಮುಂದೆ ಕೂತು ಮುದ್ದೆ ಮುರಿದರು, ಸಾರು ಕೇಳಿ ಹಾಕಿಸಿಕೊಂಡರು, ವಡೆ ಚೆನ್ನಾಗಿದೆ ಎಂದರು. ಅಜ್ಜಿಯ ಕೈ ಬಾಯಿಗೆ ಹೋಗುವುದನ್ನು ನೋಡಿ ಅಶ್ವತ್ಥನ ಎದೆ ಹಗುರವಾಯಿತು. ಗೆದ್ದೆ ಎಂದುಕೊಂಡ. ಹೆಂಡತಿಗೆ ಹುಬ್ಬು ಹಾರಿಸಿಯೂ ತೋರಿಸಿದ.

ಸಂಜೆ ನೆಂಟರೆಲ್ಲ ಹೊರಟ ಮೇಲೆ ಅಜ್ಜಿ ಎಲೆಅಡಿಕೆ ತಟ್ಟೆ ಹಿಡಿದು ಕರೆದರು.

"ಬಾರ್ಲಾ ಇಲ್ಲಿ. ಒಳ್ಗೆ ತಿಂತಿದ್ದ ಆ ಪುಣ್ಯಾತ್ಮ ಯಾರು?"

"ತಾ... ತಾತ?"

"ನಿಮ್ ತಾತಂಗೆ ಕಡೇಗಾಲಕ್ಕೆ ಬಾಯಲ್ಲಿ ಒಂದಾದ್ರೂ ಹಲ್ಲಿತ್ತೇನ್ಲಾ? ಮುದ್ದೇನೂ ಕಿವುಚಿ ಕೊಡ್ತಿದ್ದೆ."

ಅಶ್ವತ್ಥನ ಕುತ್ತಿಗೆಯಿಂದ ಟವೆಲ್ ಜಾರಿತು, ನೀಲಿ ದೀಪ ಮಿಣಕ್ ಎಂದಿತು. "ತಪ್ಪಾಯ್ತಜ್ಜಿ. ನಮ್ ಮ್ಯಾನೇಜರು. ಮತ್ತೆ ನೀನು ಊಟ ಬಿಡ್ಲಿಲ್ವಲ್ಲ?"

"ಹೋದ್ ವರ್ಷ ಎದ್ ಓಡೋಗಿದ್ದೆ. ಈ ವರ್ಷ ಅರ್ಧ ಕಿವಿನಾದ್ರೂ ಮನೇಲಿತ್ತು. ಅದೂ ಅಲ್ದೆ, ಚಿಕ್ಕಬೈರ ಮೇಲ್ ಹಾಕೋ ತಂಕ ಇನ್ನು ಸೈಟ್ ಮಾತು ಎತ್ತಲ್ಲ. ಆ ಪುಣ್ಯಾತ್ಮನ್ನ ಬರೋ ವರ್ಷ ಊಟಕ್ ಕರಿ, ಬಾಗ್ಲು ತೆಗ್ದೇ ಬಡಿಸ್ತೀನಿ."

"ಹಲ್ಲಿನಿಂದಲೇ ಗೊತ್ತಾಯ್ತಾ ಅಜ್ಜಿ ನಿಂಗೆ?"

"ಹಲ್ ಬುಡು, ಮೇಲೋದ್ಮೇಲೆ ಹೊಸದು ಬಂದಿರ್ಬೋದು ಅಂದ್ಕಂಡೆ" ಎಂದು ಅಜ್ಜಿ ಅಡಿಕೆ ಬಾಯಿಗೆ ಹಾಕಿಕೊಂಡರು. "ನಾನು ನಿದಾನಕ್ ತಿನ್ನಿ ಅಂದಿದ್ಕೆ ‘ಆಯ್ತು’ ಅಂದ್ರು ನೋಡು, ಆಗ ಗೊತ್ತಾಯ್ತು, ಇದು ನನ್ ಗಂಡ ಅಲ್ಲ ಅಂತ! ಬದ್ಕಿರೋ ತಂಕ ನನ್ ಮಾತಿಗೆ ಒಂದ್ಸಲಾನೂ ಆಯ್ತು ಅನ್ಲಿಲ್ಲ ಆ ಮನುಷ್ಯ. ಈಗ ಆ ಕುತ್ತಿಗೆಪಟ್ಟಿ ತೆಗ್ದು ಇಲ್ಲಿ ಕೊಡು."

"ಆಯ್ತಮ್ಮ" ಎಂದ ಮಹಾರಾಜ.