ಷಡ್ಡಕನ ಸೂಜಿ

ದೂರು ವಿಭಾಗದ ಗುಮಾಸ್ತನಿಗೆ ಊರಿನವರ ಗೋಳು ಕೇಳಿ ಕೇಳಿ ಕಿವಿ ಬಂಡೆಯಾಗಿತ್ತು. ಆದರೂ ಹೆಂಡತಿಯ ಒಂದು ಮಾತು ಮಾತ್ರ ನೇರ ಹೊಟ್ಟೆಗಿಳಿದು ಉರಿಯತೊಡಗಿತು.

“ಭಾವನ ಮನೇಲಿ ರೆಕಾರ್ಡ್ ಹಾಕಿದ್ರೆ ಹಾಡೋವ್ಳ ಉಸಿರೂ ಕೇಳ್ಸುತ್ತೆ ಕಣ್ರೀ. ನಮ್ಮನೇಲಿ ಅವಳಿಗೆ ನೆಗಡಿ.”

ಷಡ್ಡಕನಿಗೆ ಸಂಬಳ ಹೆಚ್ಚು, ತಲೆಗೂದಲು ಹೆಚ್ಚು. ಅದನ್ನೆಲ್ಲ ಗುಮಾಸ್ತ ಉದಾರವಾಗಿ ಕ್ಷಮಿಸಿದ್ದ. ಈಗ ಉಸಿರೂ ಹೆಚ್ಚೆಂದರೆ ತಡೆಯುವುದು ಹೇಗೆ? ಗುಟ್ಟೆಲ್ಲ ಕಾರ್ಟ್ರಿಜ್ಜಿನದು. (ಸೂಜಿಯನ್ನು ಹಿಡಿದು ರೆಕಾರ್ಡಿನ ಗೀರುಗಳ ಮೇಲೆ ಓಡಾಡಿಸುವ ಹೆಬ್ಬೆರಳುದ್ದದ ಡಬ್ಬಿ, ಬೆಲೆ ಮಾತ್ರ ಮೊಳದುದ್ದ.) ಅಂಥದ್ದನ್ನು ಕೊಳ್ಳಲು ಗೃಹಮಂತ್ರಿಗಳ ಮಂಜೂರಾತಿ ಬೇಕು. ಹಾಗಾಗಿ ಹಲ್ಲು ಕಚ್ಚಿಕೊಂಡು ಷಡ್ಡಕನದನ್ನೇ ಒಂದು ಭಾನುವಾರಕ್ಕೆ ಎರವಲು ತಂದು, ಹೆಂಡತಿಯ ಕಣ್ಣಿಗೆ ಟವೆಲ್ ಕಟ್ಟಿ, ಮಹಾಪರೀಕ್ಷೆ ಏರ್ಪಡಿಸಿದ.

ಮೊದಲು ತನ್ನದು.

“ನೆಗಡಿ,” ತೀರ್ಪು ಬಂತು.

ಅದನ್ನು ಬಿಚ್ಚಿ ಪೇಪರಿನ ಮೇಲೆ ಎಡಕ್ಕಿಟ್ಟ, ಬಲಕ್ಕೆ ಷಡ್ಡಕನದು. ಒಂದೇ ಕಂಪನಿಯ ಅಣ್ಣತಮ್ಮಂದಿರು, ಮುಖವೂ ಒಂದೇ. ಅಷ್ಟರಲ್ಲಿ ಕುಕ್ಕರ್ ಕೂಗಿತು.

“ನನ್ನ ಕಣ್ಣು ಕಟ್ಟಿದೀರಲ್ಲ, ನೀವೇ ಹೋಗಿ ಆರಿಸ್ಬನ್ನಿ.”

ಆರಿಸಿ ಬಂದು, ಬಲಗಡೆಯದನ್ನು ಜೋಡಿಸಿ, ಸೂಜಿ ಇಳಿಸಿದ. ಅಬ್ಬಾ! ಗಾಯಕಿ ಉಸಿರೆಳೆದದ್ದಿರಲಿ, ಎಂಜಲು ನುಂಗಿದ್ದೂ ಕೇಳಿಸಿತು. ಹೊಟ್ಟೆಕಿಚ್ಚಿನ ಮೇಲೆ ತುಪ್ಪ ಸುರಿದಂತಾಯಿತು.

“ಇದು ಭಾವಂದೇ! ಆಯ್ತು, ನೀವೂ ಒಂದು ತಗೊಳ್ಳಿ,” ಎಂದಳು ಹೆಂಡತಿ.

ಸಂಜೆ ಷಡ್ಡಕ ಬಂದಾಗ ಅದೇ ಹಾಡು ಓಡುತ್ತಿತ್ತು.

“ಕೇಳಿ ಭಾವ, ನಿಮ್ಮದರ ಮಹಿಮೆ! ನಾಳೇನೇ ನಾನೂ ಇಂಥದ್ದೇ ತರ್ತೀನಿ,” ಎಂದ ಗುಮಾಸ್ತ.

ಷಡ್ಡಕ ಪೇಪರಿನ ಮೇಲಿದ್ದ ಕಾರ್ಟ್ರಿಜ್ಜನ್ನು ಎತ್ತಿ ಅದರ ಬೆನ್ನು ತಿರುಗಿಸಿ ತೋರಿಸಿದ. ಕೆಂಪು ಚುಕ್ಕೆ.

“ನಂದು ಇಲ್ಲೇ ಇದೆಯಲ್ಲಪ್ಪಾ! ಗುರುತಿಗೆ ಅಂತ ನಮ್ಮನೆಯವಳ ಉಗುರುಬಣ್ಣ ಹಚ್ಚಿದೀನಿ. ಹಾಡ್ತಿರೋದು ನಿಂದೇ.”

ಹೆಂಡತಿ ನಾಲಿಗೆ ಕಚ್ಚಿಕೊಂಡಳು. “ಅಯ್ಯೋ, ನೀವು ಕುಕ್ಕರ್ ಹತ್ರ ಹೋದಾಗ ಟವೆಲ್ ಸರಿಸಿ ನೋಡ್ದೆ. ನಮ್ಮ ಸೂಜೀಲಿ ಧೂಳಿನ ಉಂಡೆ, ಥೇಟ್ ಇಲಿಮರಿ! ಬ್ರಷ್ಷಲ್ಲಿ ತೆಗೆದೆ. ಇಡೋವಾಗ ಎಡ ಬಲ ಅದಲುಬದಲಾಯ್ತೇನೋ.”

“ಹಾಗಾದ್ರೆ... ಹೊಸದು?”

“ಯಾಕ್ರೀ ಹೊಸದು? ನೆಗಡಿ ವಾಸಿಯಾಯ್ತಲ್ಲ!”

ಷಡ್ಡಕ ತನ್ನದನ್ನು ಅವಳ ಮುಂದೆ ಹಿಡಿದ. “ಇದನ್ನೂ ಒಂಚೂರು ನೋಡ್ಕೊಡಮ್ಮ. ನಿಮ್ಮಕ್ಕನಿಗೆಲ್ಲಿ ಬರ್ಬೇಕು ಈ ಕೈಚಳಕ!”

ಅವಳು ಹಿಗ್ಗಿ, ಭಾವನ ಸೂಜಿಯನ್ನು ಮಗುವಿನ ಕಿವಿ ಒರೆಸುವ ಹಾಗೆ ಒರೆಸಿಕೊಟ್ಟಳು. ಇನ್ನು ಆ ಮನೆಯಲ್ಲಿ ಗಾಯಕಿಯ ಎದೆಬಡಿತವೂ ಕೇಳಿಸುವುದು ಖಂಡಿತ.

ಗುಮಾಸ್ತ ನಿಟ್ಟುಸಿರಿಟ್ಟ. ಅದು ಹಾಡನ್ನೂ ಮೀರಿ ಮೂವರಿಗೂ ಸ್ಪಷ್ಟವಾಗಿ ಕೇಳಿಸಿತು. ಅದಕ್ಕೆ ಯಾವ ಕಾರ್ಟ್ರಿಜ್ಜೂ ಬೇಕಾಗಲಿಲ್ಲ.