ಊಟ ಆತೇನ್ರಿ ಎಂಬ ಬೋರ್ಡು

ಖಾನಾವಳಿ ತೆಗೆದು ಗಿರಾಕಿಗಳನ್ನು ಓಡಿಸುವ ಕಲೆ ಕಲಿಯಬೇಕೆಂದಿದ್ದರೆ ದಯವಿಟ್ಟು ನಾಗಪುರಕ್ಕೆ ಬರ್ರಿ. ನಮ್ಮ ಕಾಕಾ ಪುಕ್ಕಟೆ ಕಲಿಸುತ್ತಾರೆ!

ಕಾಕಾ ಮಸ್ಕತ್ತಿನ ಕಾರ್ಮಿಕರ ಕ್ಯಾಂಪಿನಲ್ಲಿ ಅರ್ಧ ಆಯುಷ್ಯ ಅಡುಗೆ ಮಾಡಿದವರು. ಕಂಪನಿ ಮುಚ್ಚಿತು, ಊರಿಗೆ ಮರಳಿದರು. ಊರೆಂದರೆ ನಾಗಪುರವೇ, ನೌಕರಿಗೆಂದು ವಿಜಯಪುರದಿಂದ ಬಂದ ಅಜ್ಜ ಇಲ್ಲೇ ಬೇರು ಬಿಟ್ಟಿದ್ದ. ಹೊರದೇಶದಿಂದ ಮರಳಿದವರಿಗೆ ನೆರವಾಗುವ ಸಂಸ್ಥೆಯೊಂದು ಕಾಕಾಗೆ ತರಬೇತಿ ಕೊಟ್ಟಿತು, ಒಲೆ-ಪಾತ್ರೆ ಕೊಡಿಸಿತು, ಬೋರ್ಡಿನ ಖರ್ಚನ್ನೂ ಹೊತ್ತಿತು. ಮನೀಶ್ ನಗರ ಬಡಾವಣೆಯಲ್ಲಿ ಜೋಳದ ರೊಟ್ಟಿ ಖಾನಾವಳಿ ಶುರುವಾಯಿತು. ಬೋರ್ಡಿನ ಮೇಲೆ ಕಾಕಾ ಬರೆಸಿದ್ದೇನು ಗೊತ್ತೇ? 'ಊಟ ಆತೇನ್ರಿ?' ಅಂತ. ಅದೂ ಕನ್ನಡದಲ್ಲಿ! ಹೆಸರಿಲ್ಲ, ದರವಿಲ್ಲ, ಮರಾಠಿಯ ಒಂದಕ್ಷರವಿಲ್ಲ.

ಮಹಾಲ್ ಪೇಟೆಯ ಪೇಂಟರು ಪಾಪ, ಚಿತ್ರ ಬಿಡಿಸಿದ ಹಾಗೆ ಆ ಅಕ್ಷರ ಬಿಡಿಸಿದ. ಪ್ರಶ್ನೆಯ ಚಿಹ್ನೆ ಮಾತ್ರ ಬರೋಬರ್ ಬಂತು, ಅವನಿಗೆ ಓದಲು ಬರುತ್ತಿದ್ದುದು ಅದೊಂದೇ.

ಜನ ಅದನ್ನು ತೆಲುಗು ಎಂದುಕೊಂಡರು. "ಅಣ್ಣಾ, ಮಸಾಲಾ ದೋಸಾ ಹೈ?"

"ದೋಸಾ ನಹೀಂ, ಭಾಕರಿ ಹೈ."

"ಭಾಕರಿ ತೋ ಘರ್ ಮೇ ಹೈ!" ರೊಟ್ಟಿ ಮನೆಯಲ್ಲೇ ಇದೆಯಲ್ಲ ಎಂದು ಹೊರಟೇಬಿಡುತ್ತಿದ್ದರು.

ತಪ್ಪಿ ಒಳಗೆ ಬಂದವರ ಗತಿ ಇನ್ನೂ ಮಜಾ. ಕಾಕಾ ಬಾಗಿಲಲ್ಲೇ ನಿಂತು ಮರಾಠಿಯಲ್ಲಿ "ಜೇವಣ ಝಾಲಂ ಕಾ?" ಅನ್ನುವರು. ಊಟ ಆಯ್ತಾ ಎಂದು ಯಾರಾದರೂ ಕೇಳಿದರೆ ಬಾಯಿಗೆ ಬರುವ ಉತ್ತರ ಯಾವುದು? ಆಯ್ತು! ಅವರೂ ರೂಢಿಯಂತೆ "ಝಾಲಂ" ಅನ್ನುವರು. ತಗೊಳ್ಳಿ, ಕಾಕಾ ಒಲೆ ಆರಿಸಿಬಿಡುವರು! ನಾನು ಬೈದರೆ, "ಊಟ ಆದಾಂವಗ ಮತ್ತ ಉಣಿಸಿ ಅಜೀರ್ಣ ಮಾಡ್ಲೇನು?" ಎಂದು ನನ್ನನ್ನೇ ಕೇಳುವರು.

ಸಂಸ್ಥೆಯ ಮೇಡಂ ಒಮ್ಮೆ ನೋಡಲು ಬಂದರು. ಅವರೂ ಸಂಕೋಚಕ್ಕೆ "ಹೋ ಗಯಾ" ಅಂದುಬಿಟ್ಟರು. ಎಣ್ಣೆಗಾಯಿಯ ಘಮಘಮ ವಾಸನೆ ತಗೊಂಡು, ಬೋರ್ಡು ಬದಲಿಸಿ ಎಂದು ಹೇಳಿ, ಹಸಿದುಕೊಂಡೇ ಹೋದರು. ಕ್ಯಾಂಪಿನ ಅಳತೆಯಲ್ಲೇ ಮಾಡಿದ ಆ ಎಣ್ಣೆಗಾಯಿ ಸಂಜೆ ನಮ್ಮ ಮನೆಗೆ ಬಂತು. ನನ್ನ ಗಂಡ ಈಗ ಸಂತೆಯಲ್ಲಿ ಬದನೆಕಾಯಿ ಕಂಡರೆ ದಾರಿ ಬದಲಿಸುತ್ತಾನೆ.

ನನಗೂ ಸಿಟ್ಟು ನೆತ್ತಿಗೇರಿತು. "ಕಾಕಾ, ನಿನಗ ಗಿರಾಕಿ ಬೇಕೋ ಬ್ಯಾಡೋ?"

"ಬೇಕಲ್ಲ."

"ಮತ್ತ ಈ ಬೋರ್ಡು ಯಾರು ಓದ್ಲಿ ಅಂತ?"

ಕಾಕಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ನಾನಽ ಓದ್ಲಿ ಅಂತ, ಯವ್ವಾ. ಮಸ್ಕತ್ತಿಗೆ ನಿಮ್ಮ ಕಾಕು ಫೋನ್ ಹಚ್ಚಿದ್ರ ಮೊದಲನೇ ಮಾತು ಇದಽ. ಅಕಿ ಹೋದಮ್ಯಾಲ ಯಾರೂ ಕೇಳಿಲ್ಲ. ಅಡಗಿ ಮಾಡಾಂವಗ ಯಾರು ಕೇಳ್ತಾರ? ಕಿವಿಗಂತೂ ಬೀಳಲ್ಲ, ಕಣ್ಣಿಗರ ಬೀಳ್ಲಿ."

ಅವರು ಮತ್ತೆ ರೊಟ್ಟಿ ಬಡಿಯತೊಡಗಿದರು. "ದೀಪಾವಳಿತನಕ ನೋಡ್ತೀನಿ. ನಡೀಲಿಲ್ಲಂದ್ರ ವಾಪಸ್ ಮಸ್ಕತ್ತಿಗೆ ಹೋಗ್ತೀನಿ. ಅಲ್ಲಿ ನೌಕರಿ ಕೊಡಸೋ ಏಜೆಂಟ್ ಕರ್ಯಾಕತ್ತಾನ. ಅಲ್ಲೂ ಒಬ್ಬನಽ, ಇಲ್ಲೂ ಒಬ್ಬನಽ. ಅಲ್ಲಿ ಪಗಾರರ ಬರತೈತಿ."

ಈ ವಯಸ್ಸಿನಲ್ಲಿ ಮತ್ತೆ ಆ ಬಿಸಿಲಿಗೆ!

ದೀಪಾವಳಿ ಹತ್ತಿರ ಬಂತು, ಗಿರಾಕಿ ಬರಲಿಲ್ಲ. ಒಂದು ಮಧ್ಯಾಹ್ನ ನಾನು ಖಾಲಿ ಬೆಂಚಿನ ಮೇಲೆ ಕೂತಿದ್ದೆ. ರಸ್ತೆಯಲ್ಲಿ ಸ್ಕೂಟರೊಂದು ಮುಂದೆ ಹೋಗಿ, ನಿಂತು, ಹಿಂದಕ್ಕೆ ಬಂತು. ಮೇಲೆ ಡಾಕ್ಟರ ಕೋಟಿನ ಹುಡುಗಿ. ತಲೆಯೆತ್ತಿ ಬೋರ್ಡು ನೋಡಿದಳು, ಹೆಲ್ಮೆಟ್ ತೆಗೆದಳು, ಅಲ್ಲಿಂದಲೇ ಕೂಗಿದಳು: "ಇಲ್ಲಾ ಸಾರ್, ಇನ್ನೂ ಆಗಿಲ್ಲ!"

ಬೆಂಗಳೂರಿನ ಕನ್ನಡ! ಕಾಕಾನ ಕೈಯಲ್ಲಿದ್ದ ರೊಟ್ಟಿ ಹರಿದುಹೋಯಿತು. ಇಷ್ಟು ತಿಂಗಳಿಗೆ ಬೋರ್ಡಿಗೆ ಉತ್ತರ ಬಂದದ್ದು ಅದೇ ಮೊದಲು.

ತಾಟು ತುಂಬಿ ಇಟ್ಟರು. ಹುಡುಗಿ ಒಂದು ತುತ್ತು ಬಾಯಿಗಿಟ್ಟುಕೊಂಡು, ನಾವೆಲ್ಲ ರೂಢಿಗೆ ಕೇಳುವ ಹಾಗೆಯೇ ಕೇಳಿದಳು: "ನಿಮ್ದಾಯ್ತಾ ಅಂಕಲ್?"

"ಆ..." ಅಂದರು ಕಾಕಾ. ಮುಂದಿನ ಅಕ್ಷರ ಬರಲಿಲ್ಲ. ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ ಮೆಲ್ಲಗೆ, "ಇಲ್ಲವ್ವಾ ತಂಗಿ, ನಂದೂ ಆಗಿಲ್ಲ" ಅಂದರು.

ನಾನು ಎದುರಿಗೆ ಇನ್ನೊಂದು ತಾಟಿಟ್ಟೆ. ಕಾಕಾ ಕೂತರು. ಅವಳ ಆಸ್ಪತ್ರೆಯಲ್ಲಿ ಇನ್ನೂ ಕನ್ನಡದವರಿದ್ದಾರಂತೆ, ಅವರನ್ನೂ ಕರೆತರುತ್ತಾಳಂತೆ. ಕಾಕಾ ಕೇಳುತ್ತಾ ಉಣ್ಣುತ್ತಿದ್ದರು.

ಗಲ್ಲಾಪೆಟ್ಟಿಗೆಯ ಮೇಲಿದ್ದ ಅವರ ಫೋನು ರಿಂಗಾಯಿತು. ನೋಡಿದೆ, ಮಸ್ಕತ್ತಿನ ಏಜೆಂಟು. ಏನು ಹೇಳಲಿ ಎಂದು ಕಾಕಾನ ಮುಖ ನೋಡಿದೆ.

ಅವರು ತಲೆಯೆತ್ತದೆ ರೊಟ್ಟಿ ಮುರಿದರು.

"ಊಟಕ್ಕ ಕುಂತಾರ ಅಂತ ಹೇಳು."